ಮುಳ್ಳೂರಿನ ಕಹಿ ತೀರ್ಥ

ಒಂದು ಮನೆಯಲ್ಲಿ ಕಂಡುದನ್ನು ಇನ್ನೊಂದು ಮನೆಯ ಹೊಸ್ತಿಲಿಗೆ ಕೊಂಡೊಯ್ಯದವನು. ಪರರ ಮೈಮೇಲಿನ ಮಚ್ಚೆಯನ್ನು ಹುಡುಕುವುದೇ ಕಾಯಕವಾದರೂ ಪರರ ಮಾನದ ಮೇಲೆ ಮಚ್ಚೆಯಿಡದವನು. ಮುಟ್ಟಬಾರದೆಂದು ಊರು ದೂರವಿಟ್ಟ ಕೈಗಳನ್ನು ಮುಟ್ಟಿ, ಅವೇ ಕೈಗಳಿಂದ ನೀರನ್ನಿಸಿದುಕೊಂಡು ಕುಡಿದವನು. ಬಲ್ಲೆನೆಂದು ಬೀಗದವನು, ಅರಿಯೆನೆನ್ನಲು ನಾಚದವನು. ಮೇಲಿನವರು ಗದರಿದರೂ ತಲೆತಗ್ಗಿಸಿ, ಕೆಳಗಿನವರು ಗದರಿದರೂ ತಲೆತಗ್ಗಿಸಿ, ಈ ಎರಡು ತಗ್ಗುವಿಕೆಗಳ ನಡುವೆ ಭೇದವೆಣಿಸದವನು. ತಾಯಿ ಚೌಡೇಶ್ವರಿಗೆ ಕೈಮುಗಿಯದೆ ಮನೆಯಿಂದ ಹೊರಡದವನು, ಮಾದಪ್ಪನ ಒಕ್ಕಲವರ ಮನೆಯಲ್ಲಿ ವಿಭೂತಿ ಕೊಟ್ಟರೆ ಹಣೆಯೊಡ್ಡದೆ ಹಿಂದಿರುಗದವನು. ಮಗ್ಗದ ಮನೆಯಲ್ಲಿ ಹುಟ್ಟಿ ಮದ್ದಿನ ಚೀಲವನ್ನು ಹೊತ್ತವನು. ಇಂತಹನೊಬ್ಬನು ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿದ್ದಾನೆ. ಆತನ ಹೆಸರು ಮುದ್ದಯ್ಯ.

ಇಷ್ಟು ಗುಣಗಳುಳ್ಳವನ ಬಾಳು ತಿಳಿನೀರಿನಂತಿರಬೇಕೆಂದು ಓದುವವರು ಎಣಿಸಿಯಾರು. ಹಾಗಿರಲಿಲ್ಲ. ಒಂದು ಸದ್ಗುಣವು ಇನ್ನೊಂದರ ದಾರಿಗೆ ಅಡ್ಡ ನಿಂತಾಗ ಯಾವುದಕ್ಕೆ ಕೈಮುಗಿಯಬೇಕು, ಯಾವುದನ್ನು ಪಕ್ಕಕ್ಕೆ ಸರಿಸಬೇಕು ಎಂಬುದು ಆತನಿಗೆ ತಿಳಿಯದೆ ಹೋಯಿತು. ಅದನ್ನು ಬರೆಯ ಹೊರಟವರಿಗೂ ಪೂರಾ ತಿಳಿದಿಲ್ಲ. ತಿಳಿಯದುದನ್ನು ತಿಳಿದಂತೆ ನುಡಿಯುವುದು ಪಾಪವಾದ ಕಾರಣ ನಡೆದುದನ್ನು ನಡೆದಂತೆಯೇ ಹೇಳಬೇಕಾಗಿದೆ.

ಮುದ್ದಯ್ಯನ ತಂದೆ ವೆಂಕಟಸ್ವಾಮಿ ರೇಷ್ಮೆಯ ನೇಯ್ಗೆಯವರು. ನಡುಮನೆಯ ಗುಂಡಿಮಗ್ಗವೇ ಆ ಸಂಸಾರದ ನಾಭಿ. ಮಗನಿಗೆ ಲಾಳಿಯೆಸೆಯಲೂ ಬರುತ್ತಿತ್ತು, ಅಕ್ಷರವೂ ಬರುತ್ತಿತ್ತು. ಕೊಳ್ಳೇಗಾಲವು ಅಂದು ಕೊಯಮತ್ತೂರು ಜಿಲ್ಲೆಗೆ ಸೇರಿದ್ದುದರಿಂದ ಕನ್ನಡದೊಡನೆ ತಮಿಳನ್ನೂ ಬರೆಯಬಲ್ಲವನಾಗಿದ್ದನು. ಕುಷ್ಠರೋಗವನ್ನು ಮೊಳಕೆಯಲ್ಲಿಯೇ ಹುಡುಕಿ, ಮನೆಮನೆಗೆ ಮಾತ್ರೆ ಕೊಟ್ಟು, ಅದು ಹರಡದಂತೆ ತಡೆಯುವ ಕಾರ್ಯವನ್ನು ಸರ್ಕಾರವು ಆರಂಭಿಸಿದಾಗ ಎರಡು ಲಿಪಿಗಳನ್ನು ಬಲ್ಲ ಒಬ್ಬ ಕಾರ್ಯಕರ್ತ ಬೇಕಾಯಿತು. ಬೇರೆ ಯಾರೂ ಮುಂದೆ ಬರಲಿಲ್ಲ. ಮುದ್ದಯ್ಯನು ಹೋದನು. ಕುಷ್ಠವೆಂಬ ಹೆಸರನ್ನು ಆ ಸೀಮೆಯಲ್ಲಿ ಬಾಯಿಬಿಟ್ಟು ನುಡಿಯುವುದಿಲ್ಲ, ದೊಡ್ಡ ರೋಗವೆನ್ನುತ್ತಾರೆ. ಮಗನು ಸೇರಿದ ಕೆಲಸ ಯಾವುದೆಂದು ಕೇಳಿದ ದಿನ ವೆಂಕಟಸ್ವಾಮಿಯವರು ಮಗ್ಗದ ಗುಂಡಿಯಿಂದ ಮೇಲೇಳಲೇ ಇಲ್ಲ.

“ರೇಷ್ಮೆ ಮುಟ್ಟೋ ಕೈ ಕಣ್ಲಾ ಅದು. ದೊಡ್ಡ ರೋಗದೋರ್ನ ಮುಟ್ಕಂಡು ಬಂದು ಅದೇ ಕೈಯ ನನ್ನ ಮಗ್ಗದ ಮೇಲೆ ಇಕ್ತೀಯಾ?”

“ತೊಳ್ಕಂಡೇ ಬತ್ತೀನಿ ಕಣಪ್ಪ.”

“ತೊಳುದ್ರೆ ರೋಗ ಓಯ್ತದಾ?”

“ಓಯ್ತದಂತೆ. ಡಾಕ್ಟ್ರು ಯೋಳವ್ರೆ.”

“ಅಂತೆ! ಅಂತೆ ಅನ್ನಾದ ನಂಬ್ಕಂಡು ನಮ್ ವಂಶದಲ್ಲಿ ಯಾವನೂ ಮಗ್ಗ ಬಿಟ್ಟಿರ್ನಿಲ್ಲ.”

ಮುದ್ದಯ್ಯನ ಹೆಂಡತಿ ದೇವೀರಮ್ಮ ಅಷ್ಟು ಮಾತನ್ನೂ ಆಡಲಿಲ್ಲ. ಹಿತ್ತಲಿನ ಬಚ್ಚಲಲ್ಲಿ ಹಂಡೆಯ ಬಿಸಿನೀರು, ಒಗೆದ ಪಂಚೆ ಎರಡನ್ನೂ ಇಟ್ಟು, ಸಂಜೆ ಗಂಡನ ಸೈಕಲ್ಲಿನ ಗಂಟೆ ಕೇಳಿದೊಡನೆ ಮುಂಬಾಗಿಲಿಗೆ ಅಗುಳಿ ಹಾಕಿಬಿಡುವಳು. “ಹಿತ್ಲಿಂದ ಬನ್ನಿ” ಎಂಬ ಒಂದೇ ನುಡಿ. ಆತನು ಹಿತ್ತಲಿನಿಂದಲೇ ಬಂದು ಮಿಂದು ಒಳಗಾಗುವನು. ಅಂದಿನಿಂದ ಇಂದಿನವರೆಗೂ ಕೆಲಸದ ದಿನ ಮುಂಬಾಗಿಲಿನಿಂದ ತನ್ನ ಮನೆಯನ್ನು ಹೊಕ್ಕವನಲ್ಲ.

ಆತನು ಸೇರಿದುದು ಐವತ್ತಾರನೆಯ ಇಸವಿಯಲ್ಲಿ. ಅದೇ ವರ್ಷದ ನವೆಂಬರಿನಲ್ಲಿ ತಾಲೂಕು ಮೈಸೂರು ರಾಜ್ಯಕ್ಕೆ ಸೇರಿತು. ರೋಗಿಗಳು ಅವರೇ, ಮಚ್ಚೆಗಳು ಅವೇ, ಮಾತ್ರೆಯೂ ಅದೇ. ಆದರೆ ಕೊಯಮತ್ತೂರಿಗೆ ಹೋಗುತ್ತಿದ್ದ ತಿಂಗಳ ವರದಿಯು ಮೈಸೂರಿಗೆ ಹೋಗತೊಡಗಿತು. ಅಲ್ಲಿಯವರು ‘ಊರು ಬಿಟ್ಟವರು’ ಎಂದು ಬರೆಯಿಸುತ್ತಿದ್ದವರನ್ನು ಇಲ್ಲಿಯವರು ‘ಗೈರುಹಾಜರು’ ಎಂದು ಬರೆಯಿರೆಂದರು. ಹನೂರಿನ ಕಡೆಯ ಒಬ್ಬ ಮುದುಕನು ತಾನು ಎಲ್ಲಿಯೂ ಹೋಗದೆ ಜಗುಲಿಯ ಮೇಲೆಯೇ ಕುಳಿತಿದ್ದು, ಒಂದೇ ತಿಂಗಳಲ್ಲಿ ಮೊದಲು ಊರು ಬಿಟ್ಟವನೂ ಬಳಿಕ ಗೈರುಹಾಜರನೂ ಆದನು.

ಇದಕ್ಕಿಂತ ಮಿಗಿಲಾದ ಗೊಂದಲವೊಂದು ಮುಂದೆ ಕಾದಿತ್ತು. ಮುದ್ದಯ್ಯನು ಹೆಚ್ಚು ಊರುಗಳನ್ನು ಸುತ್ತಿದಷ್ಟೂ ಹೆಚ್ಚು ರೋಗಿಗಳು ಸಿಕ್ಕಿದರು. ಸಿಕ್ಕಿದವರನ್ನು ಬರೆದನು. ಮೇಲಿನಿಂದ ಪ್ರಶ್ನೆ ಬಂದಿತು: ನಿಮ್ಮ ಸರಹದ್ದಿನಲ್ಲಿ ಮಾತ್ರ ರೋಗವು ಹೆಚ್ಚುತ್ತಿರುವುದೇಕೆ? ಮರುವರ್ಷ ಚಳಿಜ್ವರ ಬಂದು ಆತನು ಒಂದು ತಿಂಗಳು ಹಾಸಿಗೆ ಹಿಡಿದನು. ಆ ತಿಂಗಳು ಹೊಸ ರೋಗಿಗಳು ಒಬ್ಬರೂ ಇಲ್ಲವೆಂದು ವರದಿ ಹೋಯಿತು. ಕೆಲಸವು ತೃಪ್ತಿಕರವೆಂದು ಮೆಚ್ಚುಗೆ ಬಂದಿತು. ಹಾಸಿಗೆಯಲ್ಲಿ ಕುಳಿತು ಗಂಜಿ ಕುಡಿಯುತ್ತ ಆತನು ದೇವೀರಮ್ಮನನ್ನು ಕೇಳಿದನಂತೆ:

“ಅಲ್ಲ ಕಣಮ್ಮಿ, ನಾನು ಮನಿಕಂಡ್ರೆ ರೋಗ ಕಮ್ಮಿ, ಎದ್ ಓಡಾಡುದ್ರೆ ಜಾಸ್ತಿ. ಅಂಗಾರೆ ನಾನೇ ರೋಗವಾ?”

“ನಂಗೇನ್ ಗೊತ್ತು? ಗಂಜಿ ಕುಡೀರಿ” ಎಂದಳಂತೆ ಆಕೆ.

ಇನ್ನು ಆತನ ಕೆಲಸದ ಬಗೆ. ದೊಡ್ಡ ರೋಗದ ಮಚ್ಚೆಗೆ ಸ್ಪರ್ಶವಿರುವುದಿಲ್ಲ. ರೋಗಿಯು ಕಣ್ಣು ಮುಚ್ಚಿಕೊಳ್ಳಬೇಕು. ಪುಕ್ಕದ ತುದಿಯಿಂದಲೋ ಸೂಜಿಯಿಂದಲೋ ಮೈಯನ್ನು ಸೋಕಿಸಿದಾಗ ಸೋಕಿದ ಎಡೆಯನ್ನು ಬೆರಳಿಟ್ಟು ತೋರಿಸಬೇಕು. ಆದರೆ ಲಿಂಗಪೂಜೆಯ ಮನೆಗಳಲ್ಲಿ ಕೋಳಿಯ ಪುಕ್ಕವನ್ನು ಒಳತರುವಂತಿಲ್ಲ. ಸೂಜಿಯನ್ನು ಕಂಡರೆ ಹೆಂಗಸರು ಹಿಂದೆ ಸರಿಯುವರು. ಹಾಗಾಗಿ ಮುದ್ದಯ್ಯನು ತಂದೆಯ ಮಗ್ಗದಿಂದ ಉಳಿದ ರೇಷ್ಮೆಯ ಎಳೆಯೊಂದನ್ನು ಜೇಬಿನಲ್ಲಿಟ್ಟುಕೊಂಡು ಅದರಿಂದಲೇ ಪರೀಕ್ಷಿಸುತ್ತಿದ್ದನು. ಮಾತ್ರೆಯನ್ನು ವಿಷವೆಂದು ಅಂಜುವವರ ಮುಂದೆ ಅದರ ಒಂದು ಚೂರನ್ನು ತಾನೇ ನಾಲಗೆಯ ಮೇಲಿಟ್ಟುಕೊಂಡು ಚಪ್ಪರಿಸಿ ತೋರಿಸುವನು. ಆ ಕಹಿಯು ಆತನಿಗೆ ಸ್ವಂತ ಬಾಯಿಯ ಎಂಜಲಿನಷ್ಟು ಪರಿಚಿತವಾಗಿತ್ತು. ಮುಂದಿನ ಬಾರಿ ಹೋದಾಗ ಖಾಲಿ ಸೀಸೆಯನ್ನು ಇಸಿದುಕೊಳ್ಳುವನು. ಮಾತ್ರೆಯು ಮುಗಿದಿದ್ದರೆ ವರದಿಯಲ್ಲಿ ‘ನಿಯಮಿತ’, ಉಳಿದಿದ್ದರೆ ‘ಅನಿಯಮಿತ’. ಸರ್ಕಾರವು ಕೇಳಿದ ಪ್ರಶ್ನೆ ಇಷ್ಟೇ ಆಗಿತ್ತು.

ಅರವತ್ತರ ಬಳಿಕ ಕೆಲವು ವರ್ಷ ಕಳೆದಾಗ ಮುಳ್ಳೂರಿನ ಒಂದು ದೊಡ್ಡ ಬೇಸಾಯದ ಮನೆಯ ಸೊಸೆ ಕೆಂಪಾಜಮ್ಮನ ಮುಂಗೈಯ ಮೇಲೆ ಆತನಿಗೆ ಒಂದು ಮಚ್ಚೆ ಕಂಡಿತು. ಸಣ್ಣ ಪ್ರಾಯದ ಹೆಣ್ಣುಮಗಳು, ಮಡಿಲಲ್ಲಿ ಕೂಸು. ರೇಷ್ಮೆಯ ಎಳೆಯು ಮಚ್ಚೆಯ ಮೇಲೆ ಹರಿದಾಡಿದರೂ ಆಕೆಯ ಬೆರಳು ಏಳಲಿಲ್ಲ. ಪಕ್ಕದಲ್ಲಿದ್ದವರು ಅತ್ತೆ ಗುರುಬಸಮ್ಮ ಒಬ್ಬರೇ. ಮನೆಯ ಯಜಮಾನಿಕೆ ಅವರದು. ಮಗ ಪುಟ್ಟಮಾದಪ್ಪನು ತಾಯಿಯ ಮಾತಿಗೆ ಎದುರಾಡಿದವನಲ್ಲ.

ಗುರುಬಸಮ್ಮ ಸೊಸೆಯ ಸೆರಗನ್ನೆಳೆದು ಆ ಮಚ್ಚೆಯನ್ನು ಮುಚ್ಚಿ, “ಈ ಮಾತು ನಮ್ಮ ಮೂವರಲ್ಲೇ ಇರ್ಲಿ ಮುದ್ದಯ್ಯ. ನನ್ ಮಗಂಗೂ ಬ್ಯಾಡ” ಎಂದರು.

ಆತನು ಒಪ್ಪಿದನು. ಗಂಡಸರೆಲ್ಲ ಹೊಲದಲ್ಲಿರುವ ಹೊತ್ತು ನೋಡಿ ಹೋಗುವನು. ಹೋದಾಗಲೆಲ್ಲ ಸೀಸೆ ತೊಳೆದು ಬೋರಲಿಟ್ಟಿರುವುದು. “ಎಲ್ಲಾ ಮುಗೀತಾ ಅವ್ವಾರೆ?” ಎಂದರೆ, “ಒಂದ್ ಕಾಳೂ ಉಳಿಸಿಲ್ಲ ಕಣಪ್ಪ” ಎಂಬ ಉತ್ತರ ಬರುವುದು. ಅವರು ಸುಳ್ಳಾಡುವವರಲ್ಲವೆಂದು ಆತನಿಗೆ ಗೊತ್ತಿತ್ತು. ಮತ್ತು ಅವರು ಆಡಿದುದು ಸುಳ್ಳೂ ಅಲ್ಲ. ‘ನಿಯಮಿತ’ ಎಂದು ಬರೆಯುವಾಗ ಆತನಿಗೆ ಒಂದು ಬಗೆಯ ಹೆಮ್ಮೆ. ಯಳಂದೂರಿನ ಕಡೆ ಮಾತ್ರೆ ನುಂಗಲು ಗೋಳಾಡಿಸುವವರಿಗೆ, ಹೆಸರು ಹೇಳದೆಯೇ, ಈ ಮನೆಯ ಶಿಸ್ತನ್ನು ದೃಷ್ಟಾಂತವಾಗಿ ಕೊಡುತ್ತಿದ್ದನು.

ಆದರೆ ಯಳಂದೂರಿನ ಗೋಳುಗರೆಯುವವರ ಮಚ್ಚೆಗಳು ಮಾಸಿದವು. ಕೆಂಪಾಜಮ್ಮನ ಮಚ್ಚೆ ಮೊಣಕೈಯತ್ತ ಬೆಳೆಯಿತು. ಎರಡನೆಯ ವರ್ಷದ ಕೊನೆಗೆ ಆಕೆಯ ಎಡಗೈಯ ಕಿರುಬೆರಳು ಒಳಗೆ ಬಾಗತೊಡಗಿತು. ರೊಟ್ಟಿ ಬಡಿಯುವಾಗ ಅದೊಂದು ಬೆರಳು ಹಿಟ್ಟಿನ ಮೇಲೆ ನೆಟ್ಟಗೆ ಕೂರುವುದಿಲ್ಲವೆಂದು, ಕೇಳಿದಾಗ ಆಕೆ ಮೆಲ್ಲನೆ ಹೇಳಿದಳು.

ಮುದ್ದಯ್ಯನು ಕುಷ್ಠರೋಗ ಕೇಂದ್ರದ ವೈದ್ಯರಾದ ಗುರುಪಾದಸ್ವಾಮಿಯವರಿಗೆ ತಿಳಿಸಿದನು. ಕೇಂದ್ರದ ಹೆಸರು ಬರೆದ ಜೀಪು ಬಾಗಿಲಿಗೆ ಬಂದು ನಿಂತರೆ ಊರಿಗೆಲ್ಲ ಗೊತ್ತಾಗುವುದೆಂದು ಬೇಡಿಕೊಂಡ ಮೇಲೆ, ವೈದ್ಯರು ಸಾಮಾನ್ಯ ಪಂಚೆಯುಟ್ಟು ಬಸ್ಸಿನಲ್ಲಿಯೇ ಮುಳ್ಳೂರಿಗೆ ಬಂದರು. ಯಾರೆಂದು ಕೇಳಿದವರಿಗೆ ಗುರುಬಸಮ್ಮ, ಹಿಪ್ಪುನೇರಳೆ ನೋಡಲು ಬಂದ ರೇಷ್ಮೆ ಸಾಹೇಬರೆಂದುಬಿಟ್ಟರು. ತತ್‌ಕ್ಷಣವೇ ಪಕ್ಕದ ಮನೆಯ ನಾಗಯ್ಯನು ಬೇಲಿ ಹಾರಿ ಬಂದನು.

“ಸಾ, ನಮ್ ಹುಳ ಹಾಲಿನ ಬಣ್ಣಕ್ಕೆ ತಿರ್ಗಿ ಸಾಯ್ತಾವೆ. ಏನ್ ಮಾಡನ ಸಾ?”

ವೈದ್ಯರು ಮುದ್ದಯ್ಯನ ಮುಖ ನೋಡಿದರು. ಮುದ್ದಯ್ಯನು ನೆಲ ನೋಡಿದನು.

“ಕೈ ತೊಳೆದುಕೊಂಡು ಸೊಪ್ಪು ಹಾಕಿ” ಎಂದರು ವೈದ್ಯರು. “ಸತ್ತದ್ದನ್ನ ಬೇರೆ ಮಾಡಿ.”

“ಆಮೇಲೆ ಸಾ?”

“ಆಮೇಲೆ... ನೋಡೋಣ.”

ನಾಗಯ್ಯನು ಇಷ್ಟು ಕಡಿಮೆ ಮಾತಾಡುವ ಸಾಹೇಬರನ್ನು ಕಂಡಿರದ ಕಾರಣ ಭಕ್ತಿಯಿಂದಲೇ ಹಿಂದಿರುಗಿದನು.

ಒಳಗೆ ವೈದ್ಯರು ಕೆಂಪಾಜಮ್ಮನ ಕೈಯನ್ನು ನೋಡಿದರು, ಮೊಣಕೈಯ ನರವನ್ನು ಒತ್ತಿದರು, ಬೆರಳನ್ನು ನೆಟ್ಟಗೆ ಮಾಡಲು ಹೇಳಿದರು. ಬೆರಳು ಅರ್ಧಕ್ಕೆ ನಿಂತಿತು. ಹಿಂದಿರುಗುವಾಗ ಕೆರೆಯ ಏರಿಯ ಮೇಲೆ ಅವರು ನಿಂತರು.

“ಮುದ್ದಯ್ಯ, ನನಗೆ ಅರ್ಥವಾಗ್ತಾ ಇಲ್ಲ. ಮಾತ್ರೆ ಕೆಟ್ಟಿರಬೇಕು, ಇಲ್ಲವೇ ಆಕೆ ನುಂಗುತ್ತಿಲ್ಲ, ಇಲ್ಲವೇ...”

“ಇಲ್ಲವೇ ನಾನು ಕೊಡ್ತಿಲ್ಲ ಸಾ.”

“ನಾನು ಹಾಗೆ ಹೇಳಲಿಲ್ಲ.”

“ನಂಗೂ ಅಂಗೇ ಅನ್ಸಕ್ಕೆ ಸುರುವಾಗದೆ ಸಾ. ಕೊಟ್ಟಿದ್ದು ನಾನೇ, ಆದ್ರೂವೆ ಕೊಟ್ನಾ ಅಂತ ನಂಗೇ ಅನುಮಾನ.”

ವೈದ್ಯರು ನಗಲಿಲ್ಲ. ಬೆರಳು ಪೂರ್ತಿ ಮಡಿಚಿಕೊಂಡರೆ ಮತ್ತೆ ಬಿಚ್ಚುವುದಿಲ್ಲ. ಮನೆಯ ಚಿಕಿತ್ಸೆಯಿಂದ ಗುಣ ಕಾಣದವರನ್ನು ದೂರದ ದೊಡ್ಡ ಆಸ್ಪತ್ರೆಗೆ ಸೇರಿಸಬೇಕೆಂಬುದು ನಿಯಮ. ಬರುವ ಅಮಾವಾಸ್ಯೆ ಕಳೆದೊಡನೆ ಜೀಪು ಕಳುಹಿಸುವುದಾಗಿ ಹೇಳಿದರು. ಜೀಪು ಬಂದರೆ ಆಕೆಯ ಕೈ ಉಳಿದೀತು, ಆದರೆ ಆಕೆ ಆ ಮನೆಗೆ ಮರಳುವುದು ಸಂದೇಹ. ಬಾರದಿದ್ದರೆ ಮನೆ ಉಳಿದೀತು, ಕೈ ಉಳಿಯದು. ಯಾವುದನ್ನು ಬೇಡಿಕೊಳ್ಳಬೇಕೆಂದು ತಿಳಿಯದೆ ಮುದ್ದಯ್ಯನು ಆ ವಾರವೆಲ್ಲ ಚೌಡೇಶ್ವರಿಯ ಮುಂದೆ ಸುಮ್ಮನೆ ನಿಂತು ಬಂದನು.

ಜೀಪು ಬರುವ ವಿಷಯವನ್ನು ಮೊದಲೇ ತಿಳಿಸಿ ಮನೆಯವರನ್ನು ಅಣಿಗೊಳಿಸಬೇಕಾಗಿತ್ತು. ಅದಕ್ಕೆಂದು ಹೊರಟ ದಿನ ಹಾದಿಯಲ್ಲಿ ಸೈಕಲ್ಲಿನ ಸರಪಳಿ ಕಡಿದು ಮುಳ್ಳೂರನ್ನು ಸೇರುವ ಹೊತ್ತಿಗೆ ಸಂಜೆಯಾಗಿಹೋಯಿತು. ಆ ಹೊತ್ತಿನಲ್ಲಿ ಆತನು ಎಂದೂ ಆ ಮನೆಗೆ ಹೋದವನಲ್ಲ. ಗುರುಬಸಮ್ಮ ಲಿಂಗಪೂಜೆಯನ್ನು ಮುಗಿಸಿ ಹಿತ್ತಾಳೆಯ ಬಟ್ಟಲನ್ನು ಹಿಡಿದು ಹೊರಬರುತ್ತಿದ್ದರು. ಮೊದಲು ಕೊಟ್ಟಿಗೆಗೆ ಹೋಗಿ ಎತ್ತಿನ ಬಾಯಿಗೆ ಒಂದು ಸೌಟು ಎರೆದರು. ಬಳಿಕ ಜಗುಲಿಯ ಮೇಲೆ ಸಾಲಾಗಿ ಕುಳಿತ ಮಗನಿಗೆ, ಮೈದುನನ ಮಕ್ಕಳಿಗೆ, ಸೊಸೆಗೆ, ಕೆಳಗೆ ಕುಳಿತ ಬೇಸಾಯದಾಳು ಮಾರಯ್ಯನಿಗೆ, ಎಲ್ಲರಿಗೂ ಒಂದೊಂದು ಗುಟುಕು. ಪುಟ್ಟಮಾದಪ್ಪನು ಮುಖ ಕಿವಿಚಿ ಕುಡಿದು ಎತ್ತುಗಳಿಗೆ ಹುಲ್ಲು ಹಾಕಲು ಎದ್ದುಹೋದನು.

“ಬಾ ಮುದ್ದಯ್ಯ, ತೀರ್ಥದ ಒತ್ಗೇ ಬಂದಿದ್ದೀಯೆ. ಕೈ ಒಡ್ಡು” ಎಂದರು ಗುರುಬಸಮ್ಮ.

ಆತನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡನು. ಬೆಲ್ಲದ ನೀರು. ಬೆಲ್ಲದ ಕೆಳಗೆ, ನಾಲಗೆಯ ಬುಡದಲ್ಲಿ, ಆತನಿಗೆ ಚೆನ್ನಾಗಿ ಪರಿಚಿತವಾದ ಕಹಿ. ಬಾಯಲ್ಲಿರುವುದು ತೀರ್ಥವಾದ್ದರಿಂದ ಉಗುಳುವಂತಿಲ್ಲ, ಮದ್ದಾದ್ದರಿಂದ ನುಂಗುವಂತಿಲ್ಲ. ಆತನು ಬಾಯಿ ಮುಚ್ಚಿಕೊಂಡು ನಿಂತನು. ಕೊನೆಗೆ ನುಂಗಿದನು. ಉಳಿದವರೆಲ್ಲ ಚೆದುರಿ ಗುರುಬಸಮ್ಮನೂ ಬಾಗಿಲ ಮರೆಯಲ್ಲಿ ನಿಂತ ಕೆಂಪಾಜಮ್ಮನೂ ಮಾತ್ರ ಉಳಿದಾಗ ಕೇಳಿದನು:

“ಅವ್ವಾರೆ, ತೀರ್ಥ ಕಯ್ಯಾಗದೆ.”

“ಬೆಲ್ಲ ಕಮ್ಮಿ ಬಿತ್ತೇನೋ.”

“ಈ ಕಯ್ಯಿ ನಂಗೊತ್ತು. ಇದು ನನ್ ಸೀಸೇದು.”

“ನಿನ್ ಸೀಸೇದೇ, ಇನ್ಯಾರ್ದು? ಕುಟ್ಟಾಣೀಲಿ ನುಣ್ಣಗೆ ಅರ್ದು ಬೆರುಸ್ತೀನಿ. ಒಂದ್ ಕಾಳೂ ಉಳ್ಸಿಲ್ಲ ಅಂತ ಯೋಳ್ನಿಲ್ವಾ?”

“ಯೋಳಿದ್ರಿ. ಆದ್ರೆ ಎಲ್ರುಗೂ?”

“ಎಲ್ರುಗೂ.”

“ಮಾರಯ್ಯಂಗೂ?”

“ಅವ್ನು ಈ ಮನೆ ಅನ್ನ ತಿನ್ನಲ್ವಾ?”

“ಎತ್ಗೂ?”

“ಬಸವಂಗೆ ಮೊದ್ಲು ಕೊಡ್ದೆ ನಾವ್ ಬಾಯ್ಗಿಕ್ಕದಾ? ಏನೂಂತ ಮಾತಾಡೀಯಪ್ಪ!”

ಮುದ್ದಯ್ಯನು ಜಗುಲಿಯ ಮೇಲೆ ಕುಳಿತುಬಿಟ್ಟನು. ಎರಡು ವರ್ಷ ತಾನು ಬರೆದ ‘ನಿಯಮಿತ’ ಎಂಬ ಮಾತಿನೊಳಗೆ ಒಂದು ಇಡೀ ಸಂಸಾರವೂ ಒಂದು ಎತ್ತೂ ಕುಳಿತಿದ್ದುದು ಆತನ ಕಣ್ಣಿಗೆ ಕಟ್ಟಿತು. ಮಾತ್ರೆ ಮುಗಿಯಿತೇ ಎಂದು ಕೇಳಿದ್ದನೇ ಹೊರತು, ಯಾರು ನುಂಗಿದರೆಂದು ಕೇಳಿರಲಿಲ್ಲ.

ಗುರುಬಸಮ್ಮ ಬಟ್ಟಲನ್ನು ಕೆಳಗಿಟ್ಟು ಎದುರಿಗೆ ಕುಳಿತರು.

“ನಾನೇನ್ ತಿಳೀದೋಳಲ್ಲ ಕಣಪ್ಪ. ನಮ್ ಚಿಕ್ಕವ್ವಂಗೆ ಇದೇ ರೋಗ ಬಂದಿತ್ತು. ನಾನಿನ್ನೂ ಲಂಗದ ಹುಡ್ಗಿ. ಮೊದ್ಲು ಅವ್ಳ ತಟ್ಟೆ ಬೇರೆ ಮಾಡುದ್ರು. ತಟ್ಟೆ ಬೇರೆ ಆದ್ಮೇಲೆ ಚಾಪೆ ಬೇರೆ. ಚಾಪೆ ಆದ್ಮೇಲೆ ಹೊಲದಲ್ಲಿ ಗುಡ್ಲು. ಗುಡ್ಲಾದ್ಮೇಲೆ ಅವ್ಳ ಹೆಸ್ರೂ ಯಾರೂ ಎತ್ನಿಲ್ಲ. ಈ ಹುಡ್ಗಿಗೆ ಒಂದ್ ಮಾತ್ರೆ ಬೇರೆ ಕೊಟ್ರೆ, ಬೇರೆ ಅನ್ನಾದು ಅಲ್ಲಿಂದ್ಲೇ ಸುರುವಾಗಲ್ವಾ? ಎಲ್ಲಾರೂ ಕುಡುದ್ರೆ ಯಾರು ಯಾರ್ನ ಬೊಟ್ಟು ಮಾಡಿ ತೋರ್ಸಾರು?”

“ಅಂಚುದ್ರೆ ರೋಗ ವಾಸಿಯಾಗಲ್ಲ ಅವ್ವಾರೆ.”

“ಪರಸಾದ ಅಂಚುದ್ರೆ ಕಮ್ಮಿಯಾದದಾ?”

ಪ್ರಸಾದವನ್ನು ಹಂಚಿದರೆ ಕಡಿಮೆಯಾಗದೆಂದು ಹಿರಿಯರು ಹೇಳಿದುದು ದಿಟ. ಮದ್ದನ್ನು ಹಂಚಿದರೆ ಕಡಿಮೆಯಾಗುವುದೆಂದು ವೈದ್ಯರು ಹೇಳಿದುದೂ ದಿಟ. ಮದ್ದು ಲಿಂಗದ ಮುಂದಿನ ಬಟ್ಟಲನ್ನು ಸೇರಿ ಪ್ರಸಾದವಾದ ಬಳಿಕ ಯಾವ ದಿಟ ನಿಲ್ಲುವುದೋ ಯಾರು ಬಲ್ಲರು? ಆ ಹಂಚಿಕೆಯಿಂದಲೇ ಆ ಹೆಣ್ಣುಮಗಳು ಸಾಲಿನಲ್ಲಿ ಕುಳಿತು ಉಣ್ಣುತ್ತಿದ್ದಾಳೆ. ಆ ಹಂಚಿಕೆಯಿಂದಲೇ ಆಕೆಯ ಬೆರಳು ಬಾಗುತ್ತಿದೆ. ಅಮಾವಾಸ್ಯೆ ಕಳೆದರೆ ಜೀಪು ಬರುವುದೆಂದು ಆತನು ಹೇಗೋ ಉಗ್ಗುತ್ತ ಹೇಳಿ ಮುಗಿಸಿದನು. ಗುರುಬಸಮ್ಮನ ಮುಖ ಕಂದಿತು.

ಆಗ ಬಾಗಿಲ ಮರೆಯಿಂದ ಕೆಂಪಾಜಮ್ಮ ಮಾತಾಡಿದಳು. ಅಷ್ಟು ಕಾಲದಲ್ಲಿ ಆಕೆ ಕೇಳಿದುದಕ್ಕಲ್ಲದೆ ಬಾಯಿ ತೆರೆದುದನ್ನು ಮುದ್ದಯ್ಯನು ಕಂಡಿರಲಿಲ್ಲ.

“ಅತ್ತೆವ್ವ, ನಾನು ಬಾಣಂತಿಯಾಗಿದ್ದಾಗ ಖಾರ ಕುಟ್ಟಿ ಉಂಡೆ ಕಟ್ಟಿ ಕೊಟ್ರಲ್ಲ, ಅದ ಯಾರ್ಗಾರೂ ಅಂಚಿದ್ರಾ?”

“ಬಾಣಂತಿ ಮದ್ದ ಯಾರಾರೂ ಅಂಚಾರಾ? ಏನ್ ಹುಡ್ಗೀನೋ!”

“ನಿಮ್ ಮಗ ಬೆಲ್ಲದಾಸೆಗೆ ಒಂದುಂಡೆ ಕೇಳುದ್ರೆ ಕೈ ಮೇಲೊಂದು ಬಿಟ್ರಿ.”

“ಬಿಡ್ದೆ? ಗಂಡಸು, ಬಾಣಂತಿ ಖಾರ ತಿಂದಾನು!”

“ಆಗ ನನ್ ತಟ್ಟೆ ಬೇರೆ ಇರ್ನಿಲ್ವಾ? ಚಾಪೆ ಬೇರೆ. ಕೋಣೇನೂ ಬೇರೆ. ಆದ್ರೂವೆ, ದಿನ ತುಂಬುದ್ಮೇಲೆ ನೀವೇ ಕೈಹಿಡ್ದು ಒಳಕ್ಕೆ ಕರ್ಕಳ್ನಿಲ್ವಾ ಅತ್ತೆವ್ವ?”

ಗುರುಬಸಮ್ಮ ಸೊಸೆಯನ್ನು ನೋಡಿದರು, ಆಕೆಯ ಸೆರಗು ಹಿಡಿದು ನಿಂತ ಮಗುವನ್ನು ನೋಡಿದರು, ಬಟ್ಟಲನ್ನು ನೋಡಿದರು. ಕೊಟ್ಟಿಗೆಯಲ್ಲಿ ಪುಟ್ಟಮಾದಪ್ಪನು ಎತ್ತನ್ನು ಗದರುವ ದನಿ ಕೇಳುತ್ತಿತ್ತು. ಅವರು ಸೆರಗಿನಿಂದ ಮೂಗನ್ನೊರೆಸಿಕೊಂಡು, “ನಾಳಿಂದ ಮಾತ್ರೆ ಇಡೀದು ನಿಂಗೇ ಕಣವ್ವ” ಎಂದರು. “ಕೂಸಿಗೆ ಎರಡು ತುಂಬುದ್ರೂ ಬಾಣಂತಿ ಮದ್ದು ಇನ್ನೂ ಮುಗಿದಿಲ್ಲ ಅಂತ ಯೋಳ್ತೀನಿ. ಕೇಳೋನ್ ಯಾವನಿದ್ದಾನು?”

“ಮತ್ತೆ ತೀರ್ಥ?” ಎಂದನು ಮುದ್ದಯ್ಯ.

“ತೀರ್ಥ ಬುಟ್ಟಾದಾ? ಉಳುದೋರ್ಗೆ ನೆಲಬೇವು ಅರ್ದು ಹಾಕ್ತೀನಿ. ಕಯ್ಯಿ ತಪ್ಪುದ್ರೆ ಏನಾಯ್ತು ಎತ್ತಾಯ್ತು ಅಂತ ಮಗ ಕೇಳಾನು.”

“ಎತ್ಗೆ?”

“ಅದ್ಕೂ ನೆಲಬೇವೇ. ಅದೇನ್ ನಿಮ್ ಡಾಕ್ಟ್ರುಗೆ ರಿಪೋಟ್ ಬರ್ದದಾ?”

ಮರುದಿನ ಆತನು ಎಲ್ಲವನ್ನೂ ವೈದ್ಯರಿಗೆ ಅರುಹಿದನು. ಗುರುಪಾದಸ್ವಾಮಿಯವರು ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟರು.

“ಎತ್ತಿಗೆ ಯಾವಾಗಿನಿಂದ?”

“ಮೊದ್ಲಿಂದ್ಲೂ ಸಾ.”

“ಏನಾದರೂ ತೊಂದರೆ ಆಗಿದೆಯೇ?”

“ಚೆನ್ನಾಗಿ ಉಳ್ತದೆ ಸಾ.”

ವೈದ್ಯರು ಬಹಳ ಹೊತ್ತು ನಕ್ಕರು. ನಗು ನಿಂತಾಗ ಅವರ ಮುಖವು ಮೊದಲಿಗಿಂತಲೂ ಗೊಂದಲಗೊಂಡಿತ್ತು. ಜೀಪನ್ನು ನಿಲ್ಲಿಸಿದರು, ಅರ್ಧ ವರ್ಷ ಕಾದು ನೋಡೋಣವೆಂದರು. ಆದರೆ ಕಾಯುವುದಕ್ಕೆ ಕಾರಣವನ್ನು ಬರೆಯಬೇಕಲ್ಲ! ಮಾತ್ರೆ ಮುಗಿದಿರುವುದರಿಂದ ಅನಿಯಮಿತವೆನ್ನುವಂತಿಲ್ಲ. ರೋಗಿಗೆ ಸೇರದಿರುವುದರಿಂದ ನಿಯಮಿತವೆನ್ನುವಂತಿಲ್ಲ. ಕಡೆಗೆ ಆಕೆಯ ಚಿಕಿತ್ಸೆಯು ಈ ತಿಂಗಳಿನಿಂದ ಆರಂಭವೆಂದು ಬರೆಯಿಸಿದರು. ಅದರಿಂದ ಒಬ್ಬಳೇ ಹೆಣ್ಣುಮಗಳು ಆ ವರ್ಷದ ಲೆಕ್ಕದಲ್ಲಿ ಹಳೆಯ ರೋಗಿಯೂ ಹೊಸ ರೋಗಿಯೂ ಆಗಿ ಇಬ್ಬರಾದಳು. ಚಿಕಿತ್ಸೆಯಲ್ಲಿರುವ ಮನೆಯಲ್ಲಿ ಹೊಸ ರೋಗಿ ಬಂದುದೇಕೆಂದು ಮೇಲಿನಿಂದ ಕೇಳಿದರು. ಷರಾ ಎಂಬ ಕಡೆಯ ಅಂಕಣದಲ್ಲಿ ವೈದ್ಯರು, ‘ಇಡೀ ಕುಟುಂಬದ ಸಹಕಾರ ದೊರೆತಿದೆ’ ಎಂದು ಬರೆದರು. ಅದು ಸುಳ್ಳಲ್ಲವಷ್ಟೆ!

ಸೀಸೆಯು ಮೊದಲಿನಂತೆಯೇ ತಿಂಗಳು ತಿಂಗಳೂ ತೊಳೆದು ಬೋರಲಿಟ್ಟಿರುತ್ತಿತ್ತು. ಮುದ್ದಯ್ಯನು ಮೊದಲಿನಂತೆಯೇ ‘ನಿಯಮಿತ’ ಎಂದು ಬರೆದನು. ಅದೇ ಕೈಬರಹ, ಅದೇ ಮಾತು. ಮೈಸೂರಿನಲ್ಲಿ ಕುಳಿತು ಓದುವವರಿಗೆ ಹಿಂದಿನ ಪೊಳ್ಳು ಯಾವುದು, ಇಂದಿನ ಗಟ್ಟಿ ಯಾವುದು ಎಂದು ತಿಳಿಯುವ ಬಗೆಯಿರಲಿಲ್ಲ. ಬರೆಯುವ ಆತನಿಗೂ ಬರೆಯುವಾಗಲೆಲ್ಲ ಲೇಖನಿ ಒಂದು ಗಳಿಗೆ ತಡೆಯುತ್ತಿತ್ತು. ಅಂದಿನಿಂದ ಯಾವ ಮನೆಗೆ ಹೋದರೂ ಸೀಸೆಯನ್ನು ಕೇಳುವ ಮೊದಲು, “ಸಂಜೆ ಹೊತ್ತು ನಿಮ್ಮಲ್ಲಿ ಪೂಜೆ ಎಂಗೆ?” ಎಂದು ಕೇಳತೊಡಗಿದನು. ಪುಟ್ಟಮಾದಪ್ಪನು ಒಮ್ಮೆ ಸಂತೆಯಲ್ಲಿ ಸಿಕ್ಕಿ, “ನಮ್ಮವ್ವನ ತೀರ್ಥ ಈಚೆಗೆ ಇನ್ನೂ ಕಯ್ಯಾಗದೆ ಕಣ್ ಮುದ್ದಯ್ಯ, ಏನ್ ಹರ್ಕೆನೋ ಕಾಣೆ” ಎಂದನು. ಮುದ್ದಯ್ಯನು, “ಕುಡೀರಿ, ಒಳ್ಳೇದು” ಎಂದಷ್ಟೇ ನುಡಿದು ಮುಂದೆ ಸಾಗಿದನು.

ಆರು ತಿಂಗಳು ತುಂಬಿದ ಮೇಲೆ ಒಂದು ಮುಂಜಾನೆ ಕೆಂಪಾಜಮ್ಮ ಕಣ್ಣು ಮುಚ್ಚಿ ಕೈ ಚಾಚಿ ಕುಳಿತಳು. ಗುರುಬಸಮ್ಮ ಪಕ್ಕದಲ್ಲಿ ಕುಳಿತರು. ಮುದ್ದಯ್ಯನು ರೇಷ್ಮೆಯ ಎಳೆಯನ್ನು ಮಚ್ಚೆಯ ಅಂಚಿನಲ್ಲಿ ಸೋಕಿಸಿದನು. ಆಕೆ ತೋರಿಸಿದಳು. ಒಳಕ್ಕೆ ತಂದನು, ತೋರಿಸಲಿಲ್ಲ. ಇನ್ನೊಮ್ಮೆ ಎಳೆದನು. ಆಕೆಯ ತುಟಿಯಂಚು ಅಲುಗಿತು.

“ಏನವ್ವ?” ಎಂದರು ಅತ್ತೆ.

“ಇರುವೆ ಹರ್ದಂಗಾಯ್ತದೆ ಅತ್ತೆವ್ವ” ಎಂದು ಆಕೆ ನಕ್ಕಳು. ಕಣ್ಣು ಮುಚ್ಚಿಯೇ ಇದ್ದಳು. ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು.

ವರ್ಷಾನಂತರ ಮಚ್ಚೆ ಮಾಸಿತು. ಕಿರುಬೆರಳು ಇದ್ದಲ್ಲಿಯೇ ನಿಂತಿತು. ಇನ್ನಷ್ಟು ಬಾಗಲಿಲ್ಲ, ಪೂರಾ ನೆಟ್ಟಗಾಗಲೂ ಇಲ್ಲ. ರೊಟ್ಟಿಯ ಅಂಚಿನಲ್ಲಿ ಒಂದು ಸಣ್ಣ ಗುಳಿ ಬೀಳುತ್ತದೆ. ಆ ಮನೆಯ ರೊಟ್ಟಿಯೆಂದು ಗುರುತು ಹಿಡಿಯಬಹುದು. ತಟ್ಟೆ ಬೇರೆಯಾಗಲಿಲ್ಲ. ಆ ಸಂಸಾರದಲ್ಲಿ ಮತ್ತೊಬ್ಬರಿಗೆ ರೋಗ ಬರಲಿಲ್ಲ. ಅದು ಎರಡು ವರ್ಷ ಎಲ್ಲರೂ ಹಂಚಿಕೊಂಡು ಕುಡಿದ ಕಹಿಯ ಫಲವೋ, ಬಾರದಿರುವುದು ಬಾರದೆ ಹೋದುದೋ ಎಂದು ಮುದ್ದಯ್ಯನು ವೈದ್ಯರನ್ನು ಕೇಳಿದನು. “ಹೇಳಲಾರೆ” ಎಂದರು ವೈದ್ಯರು. ಗುರುಬಸಮ್ಮನನ್ನು ಕೇಳಿದನು. “ನಿಂಗೆ ಅಷ್ಟೂ ಗೊತ್ತಾಗಲ್ವಾ?” ಎಂದು ನಕ್ಕು ಅವರು ಒಳಗೆ ಹೋದರು. ಆತನಿಗೆ ಗೊತ್ತಾಗಲಿಲ್ಲ.

ಈಗ ಎಪ್ಪತ್ತರ ದಶಕ ಅರ್ಧ ಕಳೆದಿದೆ. ಮುದ್ದಯ್ಯನ ಸುತ್ತಾಟವು ಹನೂರು, ಅಜ್ಜೀಪುರಗಳ ಕಡೆಗೆ ತಿರುಗಿದೆ. ವೆಂಕಟಸ್ವಾಮಿಯವರು ತೀರಿಕೊಳ್ಳುವ ಮುನ್ನ ಮಗನನ್ನು ಮಗ್ಗದ ಬಳಿಗೆ ಕರೆದು, ತಾವೇ ಒಂದು ರೇಷ್ಮೆಯ ಎಳೆಯನ್ನು ಕಡಿದು ಕೊಟ್ಟರೆಂದು ಕೇಳಿದ್ದೇವೆ. ವರದಿಯಲ್ಲಿ ಇನ್ನೂ ಅದೇ ಎರಡು ಮಾತುಗಳಿವೆ. ಬಾಳಿನಲ್ಲಿ ಅವೆರಡರ ನಡುವೆ ಎಷ್ಟು ಬಗೆಗಳಿವೆಯೋ ದೇವರೇ ಬಲ್ಲನು.

ಆ ದೇವರು, ಮಲೆಯ ಮಾದಪ್ಪನೆಂದರೂ ತಾಯಿ ಚೌಡೇಶ್ವರಿಯೆಂದರೂ ಒಲಿಯುವಾತನು, ಮುದ್ದಯ್ಯನ ಕಾಲಿಗೆ ಬಲವನ್ನೂ ಸೈಕಲ್ಲಿನ ಸರಪಳಿಗೆ ಬಾಳಿಕೆಯನ್ನೂ ಕೊಡಲಿ. ಆತನ ಜೇಬಿನ ಎಳೆ ಸವೆಯದಿರಲಿ. ಅದು ಸೋಕಿದ ಕೈಗಳಿಗೆಲ್ಲ ಅರಿವು ಮರಳಲಿ. ದೇವೀರಮ್ಮನ ಹಂಡೆಯ ನೀರು ಆರದಿರಲಿ, ಆಕೆಯ ಮಾಂಗಲ್ಯ ಗಟ್ಟಿಯಾಗಿರಲಿ. ಆ ಮನೆಯ ಮಗ್ಗದಲ್ಲಿ ಹಾಸು ಹೊಕ್ಕುಗಳು ಕಡಿಯದೆ ಕೂಡಿ ಬರಲಿ, ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತುಣ್ಣಲಿ. ಒಂದು ದಿನ, ಕೆಲಸವೆಲ್ಲ ಮುಗಿದು ಹುಡುಕಲು ಮಚ್ಚೆಯೇ ಉಳಿಯದ ದಿನ, ಆ ಮನೆಯ ಮುಂಬಾಗಿಲು ಅಗುಳಿಯಿಲ್ಲದೆ ಆತನಿಗಾಗಿ ತೆರೆದಿರಲಿ. ಶುಭಮಸ್ತು.